ಅಲ್ಪದೂರದ ವಿಮಾನಗಳೂ ಅವುಗಳ ವೇಗವೂ

1932ನೆಯ ಇಸವಿಯ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಅಂಚೆಯ ಚೀಲಗಳನ್ನು ಹೇರಿದ ಪುಟ್ಟ ವಿಮಾನವೊಂದನ್ನು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ನಡೆಸಿಕೊಂಡು ಬಂದರು. ಅಲ್ಲಿಂದ ಮುಂದಕ್ಕೆ ನೆವಿಲ್ ವಿನ್ಸೆಂಟರು ಅಂಚೆಯನ್ನು ಬಳ್ಳಾರಿಯ ಮೇಲೆ ಮದರಾಸಿಗೆ ತಲುಪಿಸಿದರು. ನಮ್ಮ ದೇಶದ ವಿಮಾನಯಾನದ ಮೊದಮೊದಲ ಹೆಜ್ಜೆಗಳಲ್ಲಿ ಬಳ್ಳಾರಿಗೂ ಒಂದು ಪಾಲು ದೊರೆತದ್ದು ಹೀಗೆ. ಆ ವಿಮಾನದ ಹೆಸರು ಪುಸ್ ಮಾತ್. ಅದಕ್ಕೆ ಒಂದೇ ಯಂತ್ರ, ಮೂಗಿನ ತುದಿಯಲ್ಲಿ ಒಂದೇ ಪ್ರೊಪೆಲರ್. ಸಮಗತಿಯಲ್ಲಿ ಅದು ಗಂಟೆಗೆ ಸುಮಾರು 170 ಕಿಲೋಮೀಟರ್ ಹಾರುತ್ತಿತ್ತು.

ಇಂದು ಅದೇ ಸೀಮೆಯ ಮೇಲೆ ಹಾರುವ ಸಣ್ಣ ಜೆಟ್ ವಿಮಾನದ ವೇಗ ಗಂಟೆಗೆ 800 ಕಿಲೋಮೀಟರ್. ಇದರೊಡನೆ ಹಾರುವ ಪ್ರೊಪೆಲರ್ ವಿಮಾನದ ವೇಗ 500ರ ಆಸುಪಾಸು. ಆದುದರಿಂದ ನಿಲ್ದಾಣದಲ್ಲಿ ತಮ್ಮ ಪಾಲಿಗೆ ಪ್ರೊಪೆಲರ್ ವಿಮಾನವು ಬಂದು ನಿಂತಾಗ ಅನೇಕ ಪ್ರಯಾಣಿಕರ ಮುಖ ಸಪ್ಪಗಾಗುವುದುಂಟು. ‘ಇದು ಹಳೆಯ ಕಾಲದ ವಿಮಾನ, ನಿಧಾನ’ ಎಂಬುದು ಅವರ ತೀರ್ಮಾನ. ಊರಿಗೊಂದು ವಿಮಾನ ನಿಲ್ದಾಣ ಬಂದೊಡನೆ ‘ನಮಗೂ ಜೆಟ್ ಬೇಕು’ ಎಂಬ ಬೇಡಿಕೆ ಹುಟ್ಟುವುದೂ ಇದೇ ಎಣಿಕೆಯಿಂದ. 800 ಎಂಬುದು 500ಕ್ಕಿಂತ ಒಂದೂವರೆ ಪಾಲಿಗೂ ಹೆಚ್ಚಲ್ಲವೆ? ಹಾಗಾದರೆ ಕಾಲವೂ ಅದೇ ಪ್ರಮಾಣದಲ್ಲಿ ಇಳಿಯಬೇಕಲ್ಲವೆ? ಲೆಕ್ಕ ಸರಳವಾಗಿ ತೋರುತ್ತದೆ, ಆದರೆ ತಪ್ಪು. ಏಕೆ ತಪ್ಪೆಂಬುದನ್ನು ವಿಚಾರಿಸೋಣ.

ಮೊದಲು ವೇಗವೆಂದರೆ ಯಾವ ವೇಗ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ರಸ್ತೆಯ ಮೇಲಿನ ಗಾಡಿಗೆ ವೇಗ ಒಂದೇ. ವಿಮಾನಕ್ಕಾದರೋ ಕಡಮೆಯೆಂದರೆ ಮೂರು. ವೈಮಾನಿಕನ ಮುಂದಿರುವ ಮುಳ್ಳು ತೋರಿಸುವುದು ಒಂದು. ಸುತ್ತಲಿನ ಗಾಳಿಯನ್ನು ಸೀಳಿಕೊಂಡು ವಿಮಾನವು ನಿಜವಾಗಿ ಸಾಗುವುದು ಮತ್ತೊಂದು. ಕೆಳಗಿನ ನೆಲದ ಮೇಲೆ ಅದರ ನೆರಳು ಓಡುವುದು ಮೂರನೆಯದು. ಈ ಮೂರೂ ಒಂದೇ ಆಗಿರುವುದು ಬಲು ಅಪರೂಪ.

ಮುಳ್ಳಿನ ವೇಗವನ್ನು ಅಳೆಯುವ ಸಾಧನ ವಿಮಾನಕ್ಕಿಂತ ಹಳೆಯದು. 1732ರಲ್ಲಿ ಆನ್ರಿ ಪೀಟೋ ಎಂಬ ಫ್ರೆಂಚ್ ಶಿಲ್ಪಜ್ಞನು ಸೇನ್ ನದಿಯ ಹರಿವನ್ನು ಅಳೆಯುವುದಕ್ಕೆಂದು ಬಾಗಿದ ಕೊಳವೆಯೊಂದನ್ನು ನೀರಿಗೆ ಎದುರಾಗಿ ಹಿಡಿದನು. ನೀರಿನ ಒತ್ತಡವು ಹೆಚ್ಚಿದಷ್ಟೂ ಕೊಳವೆಯಲ್ಲಿ ನೀರು ಮೇಲೇರಿತು. ಇಂದಿಗೂ ಪ್ರತಿಯೊಂದು ವಿಮಾನದ ಮೂಗಿನ ಪಕ್ಕದಲ್ಲೋ ರೆಕ್ಕೆಯಲ್ಲೋ ಅಂಥದೊಂದು ಕೊಳವೆ ಗಾಳಿಗೆ ಬಾಯ್ದೆರೆದು ನಿಂತಿರುತ್ತದೆ. ಅದು ಅಳೆಯುವುದು ವಾಸ್ತವವಾಗಿ ವೇಗವನ್ನಲ್ಲ, ಗಾಳಿಯ ಒತ್ತಡವನ್ನು. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದಷ್ಟೆ. 6 ಕಿಲೋಮೀಟರ್ ಎತ್ತರದಲ್ಲಿ ಅದರ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಅಲ್ಲಿ ಮುಳ್ಳು 370 ಎಂದು ತೋರಿಸುತ್ತಿರುವಾಗ ವಿಮಾನವು ನಿಜವಾಗಿ ಗಂಟೆಗೆ 500 ಕಿಲೋಮೀಟರ್ ಹಾರುತ್ತಿರುತ್ತದೆ. ವೈಮಾನಿಕನಿಗೆ ಮುಳ್ಳಿನ ಅಂಕಿಯೇ ಮುಖ್ಯ, ಏಕೆಂದರೆ ರೆಕ್ಕೆಗೆ ಆಧಾರವಾಗುವುದು ಗಾಳಿಯ ಒತ್ತಡವೇ. ಪ್ರಯಾಣಿಕನಿಗಾದರೋ ಬೇಕಾದದ್ದು ನೆರಳಿನ ವೇಗ. ಊರು ಮುಟ್ಟಿಸುವುದು ಅದು.

ವಿಮಾನಗಳ ವೇಗವನ್ನು ನಾಟ್ ಎಂಬ ಮಾನದಲ್ಲಿ ಹೇಳುವ ರೂಢಿಯಿದೆ. ಇದು ಹಡಗಿನವರಿಂದ ಬಂದ ಬಳುವಳಿ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ಈ ಲೇಖನದಲ್ಲಿ ನಾವು ಕಿಲೋಮೀಟರನ್ನೇ ಬಳಸೋಣ.

ಈಗ ಅಲ್ಪದೂರದ ಮಾರ್ಗಗಳಲ್ಲಿ ಕಾಣುವ ವಿಮಾನಗಳನ್ನು ಒಂದು ಸಾಲಿನಲ್ಲಿ ನಿಲ್ಲಿಸಿ ನೋಡಬಹುದು. ಗುಡ್ಡಗಾಡಿನ ಕಿರಿದಾದ ನಿಲ್ದಾಣಗಳಿಗೆ ಹೆಸರಾದ ಟ್ವಿನ್ ಆಟರ್ ವಿಮಾನದ ವೇಗ ಗಂಟೆಗೆ ಸುಮಾರು 300 ಕಿಲೋಮೀಟರ್. ಒಂಟಿ ಯಂತ್ರದ ಸೆಸ್ನಾ ಕ್ಯಾರವಾನ್ 340. ಕಾನ್ಪುರದಲ್ಲಿ ನಮ್ಮ ಹಿಂದೂಸ್ಥಾನ್ ಏರೋನಾಟಿಕ್ಸಿನವರು ಕಟ್ಟುವ, 19 ಮಂದಿಯ ಡಾರ್ನಿಯರ್ 228ರದು 400ರ ಸುಮಾರು. 70 ಜನರನ್ನು ಒಯ್ಯುವ ಎಟಿಆರ್ 72ರದು 510. ಅದರ ಸೋದರನಂತಿರುವ ಡ್ಯಾಶ್ 8ರ ದೊಡ್ಡ ಮಾದರಿಯದು 660. ಇವೆಲ್ಲವೂ ಪ್ರೊಪೆಲರಿನವು. 50 ಆಸನಗಳ ಎಂಬ್ರೇಯರ್ 145 ಎಂಬ ಪುಟ್ಟ ಜೆಟ್ ಎತ್ತರದಲ್ಲಿ 800ನ್ನು ಮೀರಬಲ್ಲದು.

ಈ ಸಾಲಿನಲ್ಲಿ ಒಂದು ಸೋಜಿಗವಿದೆ. 1961ರಲ್ಲಿ ಕಾನ್ಪುರದಲ್ಲಿ ಕಟ್ಟಿದ ಮೊದಲ ಆವ್ರೋ 748 ವಿಮಾನವು ಹಾರಿತು. ಅದರ ವೇಗ ಗಂಟೆಗೆ ಸುಮಾರು 450 ಕಿಲೋಮೀಟರ್. ಆರು ದಶಕಗಳು ಕಳೆದರೂ ಅದರ ಸ್ಥಾನಕ್ಕೆ ಬಂದ ಎಟಿಆರ್ ಕೇವಲ 60 ಕಿಲೋಮೀಟರ್ ಮುಂದಿದೆ. ಇದೇ ಕಾಲದಲ್ಲಿ ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟು ಬಂದನು! ವಿಮಾನಶಿಲ್ಪಿಗಳಿಗೆ ಚಾತುರ್ಯ ಸಾಲದೆ ಹೀಗಾಯಿತೆಂದು ತಿಳಿಯಬಾರದು. ವೇಗವನ್ನು ಹೆಚ್ಚಿಸಿ ಪಡೆಯುವುದೇನೂ ಹೆಚ್ಚಿಲ್ಲವೆಂದು ಅವರು ಲೆಕ್ಕಹಾಕಿ ಕಂಡುಕೊಂಡಿದ್ದರು. ಆ ಲೆಕ್ಕವನ್ನು ನಾವೂ ಹಾಕಿ ನೋಡಬಹುದು.

ಬೆಂಗಳೂರಿನಿಂದ ಹುಬ್ಬಳ್ಳಿಗೆ ಆಕಾಶಮಾರ್ಗದಲ್ಲಿ ಸುಮಾರು 370 ಕಿಲೋಮೀಟರ್. ಈ ಹಾದಿಯಲ್ಲಿ ಪ್ರೊಪೆಲರ್ ವಿಮಾನಗಳೂ ಜೆಟ್‌ಗಳೂ ಎರಡೂ ಸೇವೆ ಮಾಡಿರುವುದುಂಟು. ವೇಳಾಪಟ್ಟಿಯ ಕಾಲವೆಂದರೆ ವಿಮಾನದ ಗಾಲಿ ಮೊದಲು ಉರುಳಿದ ಗಳಿಗೆಯಿಂದ ಕೊನೆಗೆ ನಿಂತ ಗಳಿಗೆಯ ತನಕ. ಇದರಲ್ಲಿ ನೆಲದ ಮೇಲೆ ತೆವಳುವುದಕ್ಕೆ ಎರಡೂ ಕಡೆ ಸೇರಿ 15 ನಿಮಿಷ ಹಿಡಿಯೋಣ. ದೊಡ್ಡ ನಿಲ್ದಾಣದಲ್ಲಿ ಇದು ಹೆಚ್ಚೇನೂ ಅಲ್ಲ. ತೆವಳುವಾಗ ಜೆಟ್ಟಿಗೂ ಪ್ರೊಪೆಲರಿಗೂ ಭೇದವಿಲ್ಲ; ಎರಡೂ ಎತ್ತಿನ ಗಾಡಿಗಿಂತ ತುಸು ಚುರುಕು ಅಷ್ಟೆ. ಇಳಿಯುವ ಮುನ್ನ ಓಡುದಾರಿಗೆ ಸರಿಯಾಗಿ ಬಂದು ನಿಲ್ಲಲು ಸುತ್ತುವುದಕ್ಕೆ ಇಬ್ಬರಿಗೂ 6 ನಿಮಿಷವಿರಲಿ. ಅಷ್ಟರಲ್ಲಿ ಊರಿನ ಕಡೆಗೆ ಸಾಗಿದ್ದು 15 ಕಿಲೋಮೀಟರ್ ಎನ್ನೋಣ.

ಎಟಿಆರ್ 5 ಕಿಲೋಮೀಟರಿನ ಎತ್ತರಕ್ಕೆ ಏರಲು 15 ನಿಮಿಷ ತೆಗೆದುಕೊಳ್ಳಲಿ. ಆ ಹೊತ್ತಿನಲ್ಲಿ 85 ಕಿಲೋಮೀಟರ್ ಕ್ರಮಿಸಿರುತ್ತದೆ. ಇಳಿಯಲು 12 ನಿಮಿಷ, 80 ಕಿಲೋಮೀಟರ್. ನಡುವೆ ಪೂರ್ಣ ವೇಗದಲ್ಲಿ ಹಾರಲು ಉಳಿದದ್ದು 190 ಕಿಲೋಮೀಟರ್. ಅದಕ್ಕೆ 22 ನಿಮಿಷ. ಎಲ್ಲವೂ ಕೂಡಿ 70 ನಿಮಿಷ.

ಜೆಟ್ ಇನ್ನೂ ಮೇಲಕ್ಕೆ, 8 ಕಿಲೋಮೀಟರಿಗೂ ಹೆಚ್ಚು ಎತ್ತರಕ್ಕೆ ಹೋಗುತ್ತದೆ. ಏರಲು 13 ನಿಮಿಷ, 120 ಕಿಲೋಮೀಟರ್; ಇಳಿಯಲು 14 ನಿಮಿಷ, ಮತ್ತೆ 120 ಕಿಲೋಮೀಟರ್. ಆಗ ಅದರ ಹೆಮ್ಮೆಯ 800 ಕಿಲೋಮೀಟರ್ ವೇಗಕ್ಕೆ ದಕ್ಕುವ ಹಾದಿ 115 ಕಿಲೋಮೀಟರ್ ಮಾತ್ರ, ಅಂದರೆ 9 ನಿಮಿಷದಷ್ಟು. ಒಟ್ಟು 57 ನಿಮಿಷ.

ಒಂದೂವರೆ ಪಾಲಿಗೂ ಮಿಕ್ಕ ವೇಗದಿಂದ ಉಳಿದದ್ದು 13 ನಿಮಿಷ! ಇದೇ ರೀತಿ ಡಾರ್ನಿಯರಿಗೆ ಲೆಕ್ಕ ಹಾಕಿದರೆ ಸುಮಾರು 79 ನಿಮಿಷ ಬರುತ್ತದೆ. ಅದರ ವೇಗ ಜೆಟ್ಟಿನ ಅರ್ಧ. ಆದರೂ ಹಿಂದೆ ಬಿದ್ದದ್ದು 22 ನಿಮಿಷ. ಅದರೊಳಗೆ ಗಾಳಿಯ ಒತ್ತಡವನ್ನು ಕಾಪಾಡುವ ಏರ್ಪಾಡಿಲ್ಲ. ಆದುದರಿಂದ ಅದು ಹೆಚ್ಚು ಮೇಲಕ್ಕೆ ಹೋಗದೆ 3 ಕಿಲೋಮೀಟರಿನ ಆಸುಪಾಸಿನಲ್ಲೇ ಸಾಗುತ್ತದೆ. ಏರಿಳಿತದ ಕಾಲವೂ ಅದಕ್ಕೆ ಕಡಮೆ. ಬಡವನಿಗೆ ಸಿಕ್ಕ ಚಿಕ್ಕ ಲಾಭವೆನ್ನಿ.

ನಾನು ಹಿಡಿದಿರುವ ನಿಮಿಷಗಳು ಸಾಮಾನ್ಯ ಪ್ರಮಾಣಗಳು. ತೂಕ, ಬಿಸಿಲು, ದಟ್ಟಣೆಗಳಿಂದ ಅವು ಹೆಚ್ಚುಕಡಮೆಯಾಗುತ್ತವೆ. ಆದರೆ ಲೆಕ್ಕದ ತಿರುಳು ಬದಲಾಗುವುದಿಲ್ಲ. 100 ಕಿಲೋಮೀಟರನ್ನು ದಾಟಲು ಎಟಿಆರಿಗೆ 12 ನಿಮಿಷವೂ ಜೆಟ್ಟಿಗೆ ಏಳೂವರೆ ನಿಮಿಷವೂ ಬೇಕು. ಅಂದರೆ ಪೂರ್ಣ ವೇಗದಲ್ಲಿ ಹಾರುವ ಪ್ರತಿ 100 ಕಿಲೋಮೀಟರಿಗೂ ಅಂತರ 4 ನಿಮಿಷ ಚಿಲ್ಲರೆ. ಬೆಂಗಳೂರಿನಿಂದ ದೆಹಲಿಗೆ ಸುಮಾರು 1,700 ಕಿಲೋಮೀಟರ್. ಅಲ್ಲಿ ಈ ಚಿಲ್ಲರೆಯೇ ಕೂಡಿ ಒಂದು ಗಂಟೆಯನ್ನು ಮೀರುತ್ತದೆ. ಅಷ್ಟು ದೂರಕ್ಕೆ ಎಟಿಆರ್ ಹತ್ತಬೇಕೆಂದು ಯಾರೂ ಹೇಳಲಾರರು. ಮೈಸೂರಿಗಾದರೋ ದೂರ 160 ಕಿಲೋಮೀಟರ್. ಅಲ್ಲಿ ಏರಿದ್ದೇ ತಡ, ಇಳಿಯಬೇಕು. ಎಟಿಆರಿಗೆ ಗಾಲಿ ಉರುಳಿದಂದಿನಿಂದ ನಿಲ್ಲುವ ತನಕ 43 ನಿಮಿಷ ಹಿಡಿದರೆ ಸರಾಸರಿ ವೇಗ ಗಂಟೆಗೆ 223 ಕಿಲೋಮೀಟರ್. 1932ರ ಪುಸ್ ಮಾತ್ ಇದಕ್ಕೆ ಬಹಳ ದೂರವೇನೂ ಇಲ್ಲ.

ಜೆಟ್ಟಿಗೆ ಇನ್ನೊಂದು ತೊಡಕುಂಟು. ಸುಮಾರು 3,000 ಮೀಟರ್ ಎತ್ತರಕ್ಕಿಂತ ಕೆಳಗೆ ಮುಳ್ಳು 250 ನಾಟ್ ಅನ್ನು, ಎಂದರೆ ಗಂಟೆಗೆ 463 ಕಿಲೋಮೀಟರನ್ನು ಮೀರಬಾರದೆಂಬ ಕಟ್ಟಳೆ ಹೆಚ್ಚಿನ ಕಡೆಗಳಲ್ಲಿ ಇದೆ. ನಿಲ್ದಾಣದ ಸುತ್ತ ವಿಮಾನಗಳು ಒತ್ತಾಗಿ ಹಾರುವುದರಿಂದ ಈ ನಿಯಮ ಅಗತ್ಯ. ಹೀಗಾಗಿ ಪಯಣದ ಎರಡೂ ತುದಿಗಳಲ್ಲಿ ಜೆಟ್ ತನ್ನ ವೇಗವನ್ನು ಕಂಕುಳಲ್ಲಿ ಅಡಗಿಸಿಕೊಂಡು ಉಳಿದವರೊಡನೆ ಸಾಲಾಗಿ ನಡೆಯಬೇಕು. ಮುಂದೆ ಒಂದು ಎಟಿಆರ್ ಇಳಿಯುತ್ತಿದ್ದರೆ ಹಿಂದಿನ ಜೆಟ್ ತಾಳ್ಮೆಯಿಂದ ಬರಬೇಕಷ್ಟೆ.

ಅಲ್ಪದೂರದ ಹಾರಾಟದ ಪರಾಕಾಷ್ಠೆಯನ್ನು ನೋಡಬೇಕಾದರೆ ಸ್ಕಾಟ್‌ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳಿಗೆ ಹೋಗಬೇಕು. ಅಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬ ಎರಡು ದ್ವೀಪಗಳ ನಡುವೆ 2.7 ಕಿಲೋಮೀಟರ್ ದೂರದ ವಿಮಾನಸೇವೆಯೊಂದಿದೆ. ಹಾರುವುದು ಐಲೆಂಡರ್ ಎಂಬ ಪುಟ್ಟ ಪ್ರೊಪೆಲರ್ ವಿಮಾನ, ಸಮಗತಿಯ ವೇಗ ಗಂಟೆಗೆ ಸುಮಾರು 250 ಕಿಲೋಮೀಟರ್. ಆ ವೇಗಕ್ಕೆ ದೂರವನ್ನು ಭಾಗಿಸಿದರೆ 39 ಸೆಕೆಂಡು ಸಾಕು. ವೇಳಾಪಟ್ಟಿಯಲ್ಲಿ ಮಾತ್ರ 2 ನಿಮಿಷ. ಗಾಳಿ ಅನುಕೂಲವಾಗಿದ್ದ ದಿನವೊಂದರಲ್ಲಿ 53 ಸೆಕೆಂಡಿಗೆ ಮುಟ್ಟಿದ್ದೇ ದಾಖಲೆ. ಆ ಮಾರ್ಗದಲ್ಲಿ ಧ್ವನಿಗಿಂತ ವೇಗವಾದ ವಿಮಾನವನ್ನು ಇಟ್ಟರೂ ಪ್ರಯೋಜನವೇನು?

ಇನ್ನು ಗಾಳಿಯ ಮಾತು. ಎದುರುಗಾಳಿ ಹೋಗುವಾಗ ಕಿತ್ತುಕೊಂಡದ್ದನ್ನು ಬರುವಾಗ ಬೆನ್ನಗಾಳಿಯಾಗಿ ಹಿಂದಕ್ಕೆ ಕೊಡುತ್ತದೆಂದು ಜನ ನಂಬಿದ್ದಾರೆ. ಕೊಡುವುದೇನೋ ನಿಜ, ಪೂರ್ತಿ ಕೊಡುವುದಿಲ್ಲ. ಗಂಟೆಗೆ 60 ಕಿಲೋಮೀಟರ್ ಗಾಳಿ ಬೀಸುತ್ತಿರಲಿ. 370 ಕಿಲೋಮೀಟರ್ ಹೋಗಿಬರಲು ಪುಸ್ ಮಾತಿಗೆ ನಿಶ್ಚಲ ಗಾಳಿಯಲ್ಲಿ 261 ನಿಮಿಷ ಸಾಕಾಗಿದ್ದರೆ ಈ ಗಾಳಿಯಲ್ಲಿ 298 ನಿಮಿಷ ಬೇಕು. ಕಾರಣ, ಎದುರುಗಾಳಿಯ ನಿಧಾನಗತಿಯಲ್ಲಿ ಅದು ಹೆಚ್ಚು ಕಾಲ ಕಳೆಯುತ್ತದೆ, ಬೆನ್ನಗಾಳಿಯ ವೇಗವನ್ನು ಕೊಂಚ ಕಾಲವಷ್ಟೇ ಅನುಭವಿಸುತ್ತದೆ. ಕ್ಯಾರವಾನಿಗೆ ಈ ನಷ್ಟ 4 ನಿಮಿಷ. ಜೆಟ್ಟಿಗೆ 20 ಸೆಕೆಂಡೂ ಇಲ್ಲ. ಇಲ್ಲಿ ವೇಗದ ವಿಮಾನಕ್ಕೆ ನಿಜವಾದ ಮೇಲುಗೈಯುಂಟು ಎಂಬುದನ್ನು ಒಪ್ಪಬೇಕು. ನಮ್ಮ ನಾಡಿನಲ್ಲಿ ಇದು ಬರಿಯ ಪುಸ್ತಕದ ಮಾತಲ್ಲ. ನೈಋತ್ಯ ಮಾನ್‌ಸೂನಿನ ತಿಂಗಳುಗಳಲ್ಲಿ ಅರಬ್ಬೀ ಸಮುದ್ರದಿಂದ ಬರುವ ಪಡುವಣ ಗಾಳಿ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅತ್ಯಂತ ಬಿರುಸಾಗಿರುತ್ತದೆ. ಅಲ್ಲಿ ಗಂಟೆಗೆ 60, 70 ಕಿಲೋಮೀಟರ್ ಸಾಮಾನ್ಯ. ಬೆಂಗಳೂರಿನಿಂದ ವಾಯವ್ಯಕ್ಕೆ ಹೊರಟ ಸಣ್ಣ ವಿಮಾನವು ಕೆಳಮಟ್ಟದಲ್ಲೇ ಹಾರಿದರೆ ಅದಕ್ಕೆ ಮುಖವೊಡ್ಡಲೇಬೇಕು.

ವೇಗ ಹೆಚ್ಚಿದರೆ ಲಾಭ ಸ್ವಲ್ಪವಾದರೂ ಇದೆ ತಾನೆ, ಹಾಗಾದರೆ ಬಿಡುವುದೇಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ತೆರಬೇಕಾದ ಬೆಲೆಯನ್ನು ನೋಡಬೇಕು. ವಿಮಾನವು ಮುಂದಕ್ಕೆ ಹೋಗುವುದು ಗಾಳಿಯನ್ನು ಹಿಂದಕ್ಕೆ ತಳ್ಳಿ. ದೋಣಿಯು ಹುಟ್ಟಿನಿಂದ ನೀರನ್ನು ತಳ್ಳಿ ಹೋದಂತೆ. ಸೆಕೆಂಡಿಗೆ 100 ಕಿಲೋಗ್ರಾಂ ಗಾಳಿಗೆ 10 ಮೀಟರ್ ವೇಗ ಕೊಟ್ಟರೂ, 10 ಕಿಲೋಗ್ರಾಂ ಗಾಳಿಗೆ 100 ಮೀಟರ್ ವೇಗ ಕೊಟ್ಟರೂ ದೊರೆಯುವ ನೂಕುಬಲ ಒಂದೇ. ಆದರೆ ಗಾಳಿಯಲ್ಲಿ ಕೊಚ್ಚಿಹೋಗುವ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಮೊದಲನೆಯದರಲ್ಲಿ ಅದು 5,000 ಜೂಲ್, ಎರಡನೆಯದರಲ್ಲಿ 50,000 ಜೂಲ್, ಹತ್ತು ಪಾಲು! ಅಗಲವಾದ ಹುಟ್ಟಿನಿಂದ ನಿಧಾನವಾಗಿ ಎಳೆಯುವ ಅಂಬಿಗನು ಕಡ್ಡಿಯಿಂದ ರಪರಪನೆ ಬಡಿಯುವವನಿಗಿಂತ ಕಡಮೆ ದಣಿಯುತ್ತಾನೆ. ಪ್ರೊಪೆಲರ್ ಎಂಬುದು ಆ ಅಗಲವಾದ ಹುಟ್ಟು. ಈಗಿನ ಪ್ರೊಪೆಲರನ್ನು ತಿರುಗಿಸುವುದೂ ಒಂದು ಜೆಟ್ ಯಂತ್ರವೇ. ಅದರ ಶಕ್ತಿಯ ಬಹುಪಾಲು ಬಾಲದ ಹೊಗೆಯಾಗಿ ಹೊರಹೋಗದೆ ಅಲಗುಗಳಿಗೆ ಸಲ್ಲುತ್ತದೆ. ‘ಹಳೆಯ ಕಾಲದ್ದು’ ಎಂಬ ಮಾತಿಗೆ ಇಲ್ಲಿ ಆಸ್ಪದವಿಲ್ಲ.

ಹಾಗಾದರೆ ಪ್ರೊಪೆಲರನ್ನೇ 800ಕ್ಕೆ ಏಕೆ ಓಡಿಸಬಾರದು? ಅಡ್ಡಿಯಿರುವುದು ಅಲಗಿನ ತುದಿಯಲ್ಲಿ. ಎಟಿಆರಿನ ಪ್ರೊಪೆಲರಿನ ವ್ಯಾಸ 3.9 ಮೀಟರ್, ಸಮಗತಿಯಲ್ಲಿ ಅದು ನಿಮಿಷಕ್ಕೆ ಸುಮಾರು 1,000 ಸುತ್ತು ತಿರುಗುತ್ತದೆ. ಆಗ ತುದಿಯ ಸುತ್ತುವ ವೇಗವೇ ಸೆಕೆಂಡಿಗೆ 204 ಮೀಟರ್. ಅದರ ಜೊತೆಗೆ ವಿಮಾನದ ಮುಂಗತಿ 142 ಮೀಟರ್. ಇವೆರಡೂ ಲಂಬಕೋನದಲ್ಲಿರುವುದರಿಂದ ಪೈಥಾಗೊರಸನ ಸೂತ್ರದಂತೆ ಕೂಡಿದರೆ ತುದಿಯು ಗಾಳಿಯನ್ನು ಸೀಳುವುದು ಸೆಕೆಂಡಿಗೆ ಸುಮಾರು 249 ಮೀಟರ್ ವೇಗದಲ್ಲಿ. 5 ಕಿಲೋಮೀಟರ್ ಎತ್ತರದ ತಣ್ಣನೆಯ ಗಾಳಿಯಲ್ಲಿ ಧ್ವನಿಯ ವೇಗ 320 ಮೀಟರ್. ವಿಮಾನವನ್ನು ಗಂಟೆಗೆ 800 ಕಿಲೋಮೀಟರಿಗೆ ತಳ್ಳಿದರೆ ತುದಿಯ ವೇಗ 300 ಮೀಟರನ್ನು ದಾಟಿ ಧ್ವನಿಯ ಬೆನ್ನುಹತ್ತುತ್ತದೆ. ಆಗ ಅಲಗಿನ ಮೇಲೆ ಆಘಾತದ ಅಲೆಗಳು ಏಳುತ್ತವೆ. ತಳ್ಳುವ ಶಕ್ತಿ ಕುಗ್ಗುತ್ತದೆ, ಸದ್ದು ಅಸಹನೀಯವಾಗುತ್ತದೆ. ರಷ್ಯದ ಟುಪೊಲೆವ್ 114 ಎಂಬ ಭಾರಿ ವಿಮಾನವು 1961ರಿಂದ ಪ್ರೊಪೆಲರುಗಳಿಂದಲೇ 750ನ್ನು ಮೀರಿದ ವೇಗದಲ್ಲಿ ಪ್ರಯಾಣಿಕರನ್ನು ಒಯ್ದದ್ದುಂಟು. ಆದರೆ ಅದರ ಗದ್ದಲವೂ ಅಷ್ಟೇ ಪ್ರಸಿದ್ಧವಾಯಿತು.

ನಿಲ್ದಾಣಗಳ ಸಂಗತಿ ಇನ್ನೂ ಮುಖ್ಯ. ವೇಗಕ್ಕಾಗಿ ಕಡೆದ ರೆಕ್ಕೆಯು ನಿಧಾನಗತಿಯಲ್ಲಿ ದುರ್ಬಲ. ಎಟಿಆರ್ ನೆಲಕ್ಕಿಳಿಯುವುದು ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗದಲ್ಲಿ. ಜೆಟ್ಟಿಗೆ 240 ಬೇಕೆನ್ನೋಣ. ಅಂತರ ಅಲ್ಪವೆಂದು ತೋರುತ್ತದೆ. ಆದರೆ ತೂಕ ಸಮನಾಗಿದ್ದರೂ ಗಾಲಿಯ ತಡೆ ನುಂಗಬೇಕಾದ ಶಕ್ತಿ ಸುಮಾರು ಒಂದೂವರೆ ಪಾಲು. ಓಡುದಾರಿಯೂ ಅದಕ್ಕೆ ತಕ್ಕಂತೆ ಉದ್ದವಾಗಬೇಕು. 2010ರಲ್ಲಿ ಮೈಸೂರಿಗೆ ಮತ್ತೆ ವಿಮಾನಸೇವೆ ಬಂದಾಗ ಅಲ್ಲಿನ ಓಡುದಾರಿ 1,740 ಮೀಟರ್. ಎಟಿಆರಿಗೆ ಒಪ್ಪುವಷ್ಟು, ದೊಡ್ಡ ಜೆಟ್‌ಗಳಿಗೆ ಇಕ್ಕಟ್ಟು. 2017ರ ಏಪ್ರಿಲ್ 27ರಂದು ಸರಕಾರದ ‘ಉಡಾನ್’ ಯೋಜನೆಯ ಮೊದಲ ವಿಮಾನವು ಸಿಮ್ಲಾದಿಂದ ದೆಹಲಿಗೆ ಹಾರಿತಷ್ಟೆ. ಸಿಮ್ಲಾದ ಓಡುದಾರಿಯು ಗುಡ್ಡದ ನೆತ್ತಿಯನ್ನು ಸಮಮಾಡಿ ಕಟ್ಟಿದ್ದು; ಸಮುದ್ರಮಟ್ಟದಿಂದ 1,500 ಮೀಟರ್ ಎತ್ತರದಲ್ಲಿ, ಉದ್ದ 1,200 ಮೀಟರಿನ ಸುಮಾರು. ಗಾಳಿಯೂ ತೆಳು, ನೆಲವೂ ಕಡಮೆ. ಅಲ್ಲಿಗೆ ಬಂದದ್ದು ಎಟಿಆರಿನ ಚಿಕ್ಕ ಮಾದರಿ 42. ಸಿಮ್ಲಾಕ್ಕೆ ಜೆಟ್ಟೇ ಬೇಕೆಂದು ಹಟ ಹಿಡಿದಿದ್ದರೆ ವಿಮಾನವೇ ಇರುತ್ತಿರಲಿಲ್ಲ.

ಓಡುದಾರಿ ಉದ್ದವಿದ್ದ ಮಾತ್ರಕ್ಕೆ ಜೆಟ್ ಬಂದೀತೆಂದೂ ಅಲ್ಲ. ಶಿವಮೊಗ್ಗದಲ್ಲಿ 3,200 ಮೀಟರಿನ ಓಡುದಾರಿಯನ್ನು ಕಟ್ಟಿದರು. 2023ರ ಆಗಸ್ಟಿನಲ್ಲಿ ಸೇವೆ ಆರಂಭವಾದಾಗ ಬಂದಿಳಿದದ್ದು ಎಟಿಆರ್. ದಿನಕ್ಕೆ 60 ಮಂದಿ ಹೊರಡುವ ಊರಿಗೆ 180 ಆಸನಗಳ ವಿಮಾನವನ್ನು ಕಳಿಸಿದರೆ 120 ಖಾಲಿ ಆಸನಗಳನ್ನೂ ಇಂಧನ ಸುಟ್ಟು ಹೊರಬೇಕು. ಅಂಥ ಸೇವೆ ಕೆಲವು ತಿಂಗಳಲ್ಲಿ ನಿಂತುಹೋಗುವುದು ಸಹಜ. ನಿಂತ ಮೇಲೆ ಊರಿನವರಿಗೆ ಉಳಿಯುವುದು ರಾತ್ರಿಯ ಬಸ್ಸು. 13 ನಿಮಿಷದ ಆಸೆಗೆ ಒಂದು ರಾತ್ರಿಯ ಪಯಣವನ್ನು ಪಣಕ್ಕೊಡ್ಡುವುದು ಜಾಣತನವೆಂದು ನನಗೆ ತೋರುವುದಿಲ್ಲ.

ಆ 13 ನಿಮಿಷವೂ ಮನೆಯಿಂದ ಮನೆಗೆ ನೋಡಿದಾಗ ಮತ್ತಷ್ಟು ಸಣ್ಣದಾಗುತ್ತದೆ. ಬೆಂಗಳೂರಿನ ಮನೆಯಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಒಂದೂವರೆ ಗಂಟೆ, ತಪಾಸಣೆಗೂ ಕಾಯುವುದಕ್ಕೂ ಒಂದು ಗಂಟೆ, ಹುಬ್ಬಳ್ಳಿಯಲ್ಲಿ ಇಳಿದು ಸಾಮಾನು ಪಡೆದು ಮನೆ ಸೇರಲು ಮುಕ್ಕಾಲು ಗಂಟೆ ಹಿಡಿಯಿರಿ. ಎಟಿಆರಿನಲ್ಲಿ ಒಟ್ಟು 265 ನಿಮಿಷ, ಜೆಟ್ಟಿನಲ್ಲಿ 252. ನೂರಕ್ಕೆ ಐದರ ವ್ಯತ್ಯಾಸ. ಹೆಬ್ಬಾಳದ ಬಳಿ ಅದೊಂದು ದಿನ ವಾಹನಗಳು ಕಟ್ಟಿ ನಿಂತರೆ ಅದೂ ಮಾಯ.

ಇದನ್ನು ಪರೀಕ್ಷಿಸಲು ಕೈಗಡಿಯಾರವೊಂದು ಸಾಕು. ಮುಂದಿನ ಬಾರಿ ಇಂಥ ವಿಮಾನದಲ್ಲಿ ಕುಳಿತಾಗ ಗಾಲಿ ಉರುಳಿದ ಹೊತ್ತು, ನೆಲ ಬಿಟ್ಟ ಹೊತ್ತು, ನೆಲ ಮುಟ್ಟಿದ ಹೊತ್ತು, ನಿಂತ ಹೊತ್ತು ಈ ನಾಲ್ಕನ್ನೂ ಬರೆದಿಟ್ಟುಕೊಳ್ಳಿರಿ. ಏರುವಿಕೆ ಮುಗಿದು ವಿಮಾನ ಸಮಗತಿಗೆ ಬಂದಾಗ ಮೂಗು ತಗ್ಗಿ ಯಂತ್ರದ ಸ್ವರ ಬದಲಾಗುತ್ತದೆ. ಇಳಿಯತೊಡಗಿದಾಗ ಆ ಸ್ವರ ಮತ್ತೆ ಇಳಿದು ಕಿವಿ ಗವ್ವೆನ್ನುತ್ತದೆ. ಆ ಎರಡು ಗಳಿಗೆಗಳನ್ನೂ ಗುರುತುಮಾಡಿದರೆ, ವಿಮಾನವು ತನ್ನ ಹೆಸರಿನ ವೇಗದಲ್ಲಿ ಹಾರಿದ್ದು ಎಷ್ಟು ನಿಮಿಷವೆಂಬುದು ಕಾಗದದ ಮೇಲೆ ಬರುತ್ತದೆ. ಹುಬ್ಬಳ್ಳಿಯ ಹಾದಿಯಲ್ಲಿ ಅದು ಅರ್ಧ ಗಂಟೆಯನ್ನು ಮುಟ್ಟುವುದು ಕಷ್ಟ.